ರಾತ್ರಿ ಪಾಳಿಯ ದುಡಿಮೆಯೂ ಮನೆಯವರ ಪಾಲೂ

ದೀಪ ಹಚ್ಚುವ ಹೊತ್ತಿಗೆ ದುಡಿಮೆ ಮುಗಿಯಬೇಕೆಂಬ ಹಿಂದಿನವರ ಕಟ್ಟಳೆಯು ನಮ್ಮ ನಾಡಿನಲ್ಲಿ ಸಡಿಲವಾಗಿ ಬಹುಕಾಲವಾಯಿತು. ೧೯೦೨ ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು ೧೪೭ ಕಿಲೋಮೀಟರು ದೂರ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ನೆಲದಾಳದಲ್ಲಿ ಕಲ್ಲು ಒಡೆಯುವವನಿಗೆ ಹಗಲೂ ಒಂದೇ, ಇರುಳೂ ಒಂದೇ. ಪಾಳಿಯ ಕೂಗಿಗೆ ಇಳಿಯುವುದು, ಮತ್ತೊಂದು ಕೂಗಿಗೆ ಏರುವುದು, ಇಷ್ಟೇ ಅವನ ಪಂಚಾಂಗವಾಯಿತು. ೧೯೨೩ ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಊದುಕುಲುಮೆಯು ಹೊತ್ತಿಕೊಂಡ ಮೇಲಂತೂ ಒಲೆ ಆರಿಸಿ ಮಲಗುವ ಮಾತೇ ಇಲ್ಲವಾಯಿತು. ಅಂತಹ ಕುಲುಮೆಯನ್ನು ತಣಿಯಗೊಟ್ಟರೆ ಒಳಗಿನ ಕಬ್ಬಿಣವು ಹೆಪ್ಪುಗಟ್ಟಿ ಕುಲುಮೆಯೇ ಕೆಡುವುದು. ಕೋಲಾರದ ಗಣಿಗಳು ೨೦೦೧ ರಲ್ಲಿ ಮುಚ್ಚಿದುವು. ರಾತ್ರಿಯ ಕೆಲಸವಾದರೋ ಮುಚ್ಚಲಿಲ್ಲ. ಕಬ್ಬು ನುರಿಸುವ ಕಾಲದಲ್ಲಿ ಮಂಡ್ಯ ಬೆಳಗಾವಿಗಳ ಸಕ್ಕರೆ ಕಾರ್ಖಾನೆಗಳು, ಬಳ್ಳಾರಿಯ ಕಡೆಯ ಉಕ್ಕಿನ ಕುಲುಮೆಗಳು, ಕಲಬುರಗಿಯ ಸಿಮೆಂಟಿನ ಗೂಡುಗಳು, ಊರೂರಿನ ಔಷಧದ ಕಾರ್ಖಾನೆಗಳು ಇವೆಲ್ಲವೂ ನಾವು ನಿದ್ದೆಹೋದ ಮೇಲೂ ನಡೆಯುತ್ತಲೇ ಇರುವುವು. ನಡೆಸುವವರು ನಮ್ಮ ಮನೆಗಳ ಗಂಡಸರು. ಈಚೆಗೆ ಹೆಂಗಸರೂ ಹೌದು.

ಈ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಒಂದು ಇದೇ ವಿಷಯವಾಗಿ ಇದೆ. ಬರೆದಾಕೆ ಕಾರ್ಖಾನೆಯ ನೌಕರನೊಬ್ಬನ ಹೆಂಡತಿ. ಹೆಸರನ್ನೂ ಊರನ್ನೂ ತಿಳಿಸಬಾರದೆಂದು ಕೇಳಿಕೊಂಡಿರುವುದರಿಂದ ತಿಳಿಸಿಲ್ಲ. ಯಜಮಾನರು ರಾತ್ರಿ ಎಂಟಕ್ಕೆ ಹೊಕ್ಕು ಬೆಳಗ್ಗೆ ಎಂಟಕ್ಕೆ ಹೊರಬೀಳುವರು. ಒಂದು ವಾರ ರಾತ್ರಿ, ಒಂದು ವಾರ ಹಗಲು. ಬದಲಿಯಾಳು ಬಾರದ ದಿನ ಇನ್ನೂ ನಾಲ್ಕು ಗಂಟೆ ಅಲ್ಲಿಯೇ. ಮನೆಗೆ ಬಂದು ಮಲಗಿದರೆ, ಹಗಲು ಹೊತ್ತು ಮಲಗುವುದು ದರಿದ್ರ ಲಕ್ಷಣವೆಂದು ಅತ್ತೆಯವರ ಗೊಣಗಾಟ. ಮೈದುನನು ಅಣ್ಣನಿಗೆ ಕುಂಭಕರ್ಣನೆಂದು ಹೆಸರಿಟ್ಟಿರುವನಂತೆ. ಹೋದ ತಿಂಗಳು ಅವರು ಮೋಟಾರು ಸೈಕಲ್ಲಿನಲ್ಲಿ ಬರುತ್ತ, ತೂಕಡಿಸಿ, ರಸ್ತೆಯ ಪಕ್ಕದ ಚರಂಡಿಗೆ ಬಿದ್ದು ದೈವಕೃಪೆಯಿಂದ ಕೈ ತರಚಿದಷ್ಟರಲ್ಲಿ ಪಾರಾದರು. ಸೋದರಿಯು ಕೇಳಿರುವ ಪ್ರಶ್ನೆ ಎರಡು: ಅಭ್ಯಾಸವಾದ ಮೇಲೆ ಇದು ಸರಿಹೋಗುವುದೇ? ಹೆಚ್ಚಿನ ಗಂಟೆಗಳಿಗೆ ಹೆಚ್ಚಿನ ಹಣ ಬರುತ್ತಿರುವಾಗ ಬೇಡವೆನ್ನುವುದು ಅವಿವೇಕವಾಗದೇ?

ಮೊದಲನೆಯದಕ್ಕೆ ಉತ್ತರವು ಚಿಕ್ಕದು: ಬಹುಮಂದಿಗೆ ಸರಿಹೋಗುವುದಿಲ್ಲ. ಕಾರಣವನ್ನು ಮಾತ್ರ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ೧೭೨೯ ರಲ್ಲಿ ಫ್ರಾನ್ಸ್ ದೇಶದ ದ ಮೈರಾನ್ ಎಂಬ ಖಗೋಳಜ್ಞನು ನಮ್ಮ ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದನು. ಬಿಸಿಲು ಸೋಕದಿದ್ದರೂ ಆ ಗಿಡವು ಹಗಲಿನ ಹೊತ್ತಿಗೆ ಎಲೆ ಬಿಚ್ಚಿ, ಸಂಜೆಯ ಹೊತ್ತಿಗೆ ಮುಚ್ಚಿಕೊಳ್ಳುತ್ತಿದ್ದಿತು. ಗಡಿಯಾರವು ಹೊರಗಿಲ್ಲ, ಗಿಡದೊಳಗೇ ಇದೆಯೆಂಬುದಕ್ಕೆ ಅದೇ ಮೊದಲ ಗುರುತು. ಮನುಷ್ಯನೊಳಗೂ ಇಂತಹುದೊಂದು ಗಡಿಯಾರವಿದೆ. ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಹಾಯ್ದುಹೋಗುವಲ್ಲಿ, ಅಕ್ಕಿಯ ಕಾಳಿಗಿಂತಲೂ ಚಿಕ್ಕದಾದ ಜೀವಕಣಗಳ ಗಂಟು ಅದರ ಮುಖ್ಯ ಸ್ಥಾನ. ಜೀವಕಣದೊಳಗೆ ಈ ಗಡಿಯಾರವು ಹೇಗೆ ತಿರುಗುವುದೆಂಬುದನ್ನು ಬಿಡಿಸಿ ತೋರಿಸಿದ ಹಾಲ್, ರಾಸ್ಬಾಷ್, ಯಂಗ್ ಎಂಬ ಮೂವರಿಗೆ ೨೦೧೭ ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಈ ಗಡಿಯಾರಕ್ಕೆ ಕೀಲಿ ಕೊಡುವುದು ಕಣ್ಣಿನ ಮೇಲೆ ಬೀಳುವ ಬೆಳಕು. ರಾತ್ರಿಯೆಲ್ಲ ದುಡಿದವನು ಬೆಳಗ್ಗೆ ಹೊರಬಿದ್ದೊಡನೆ ಎಳೆಬಿಸಿಲು ಮುಖಕ್ಕೆ ಬಡಿಯುವುದಷ್ಟೆ. ಒಳಗಿನ ಗಡಿಯಾರವು, ‘ಓಹೋ, ಹಗಲಾಯಿತು’ ಎಂದು ಹಳೆಯ ಲೆಕ್ಕಕ್ಕೇ ತಿರುಗುವುದು. ಆದುದರಿಂದಲೇ ಹತ್ತು ವರ್ಷ ರಾತ್ರಿ ಪಾಳಿ ಮಾಡಿದವನಿಗೂ ಬೆಳಗಿನ ಜಾವ ಮೂರರಿಂದ ಐದರವರೆಗೆ ಮೈ ತಣ್ಣಗಾಗುವುದು, ಕಣ್ಣು ಎಳೆಯುವುದು, ಕೈ ನಿಧಾನವಾಗುವುದು. ಇದು ಸೋಮಾರಿತನವಲ್ಲ, ಗದರಿಸಿದರೆ ಹೋಗತಕ್ಕುದೂ ಅಲ್ಲ.

೧೯೯೭ ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ನಿದ್ದೆಗೆಟ್ಟವರನ್ನೂ ಮದ್ಯ ಕುಡಿದವರನ್ನೂ ಒಂದೇ ಪರೀಕ್ಷೆಗೆ ಕೂರಿಸಿ ಹೋಲಿಸಿದರು. ಎಡೆಬಿಡದೆ ೧೭ ಗಂಟೆ ಎಚ್ಚರವಾಗಿದ್ದವನ ಕೈಚಳಕವು, ರಕ್ತದಲ್ಲಿ ನೂರಕ್ಕೆ ೦.೦೫ ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿದಿರುವುದು; ೨೪ ಗಂಟೆಯಾದರೆ ೦.೧೦ ರ ಮಟ್ಟಕ್ಕೆ. ನಮ್ಮ ದೇಶದಲ್ಲಿ ವಾಹನ ನಡೆಸುವವನಿಗೆ ಕಾನೂನು ಒಪ್ಪುವ ಮಿತಿ ೦.೦೩. ಈಗ ಪಾಳಿ ಬದಲಾಗುವ ಮೊದಲನೆಯ ದಿನವನ್ನು ಓದುಗರು ಲೆಕ್ಕ ಹಾಕಿ ನೋಡಲಿ. ಬೆಳಗ್ಗೆ ಏಳಕ್ಕೆ ಎದ್ದು, ಮಕ್ಕಳನ್ನು ಶಾಲೆಗೆ ಬಿಟ್ಟು, ಸಂತೆ ಪೇಟೆ ಮುಗಿಸಿ, ಹಗಲು ಮಲಗದೆ ರಾತ್ರಿ ಎಂಟಕ್ಕೆ ಕೆಲಸಕ್ಕೆ ಹೋದವನಿಗೆ ನಡುರಾತ್ರಿಗೆ ಹದಿನೇಳು ಗಂಟೆ ತುಂಬುವುದು. ಬೆಳಗ್ಗೆ ಎಂಟಕ್ಕೆ ಅವನು ಮೋಟಾರು ಸೈಕಲ್ಲು ಹತ್ತುವಾಗ ಇಪ್ಪತ್ತೈದು. ಒಂದು ತೊಟ್ಟೂ ಕುಡಿಯದವನು ಕುಡಿದವನಿಗಿಂತ ಕಡೆಯಾಗಿ ರಸ್ತೆಗೆ ಇಳಿದಿರುವನು. ಚರಂಡಿಯು ಸೋದರಿಯ ಯಜಮಾನರನ್ನು ಹಿಡಿದುದು ಹೀಗೆ.

೨೦೦೩ ರಲ್ಲಿ ಬ್ರಿಟನ್ನಿನ ಇಬ್ಬರು ವಿದ್ವಾಂಸರು ಹಲವು ಕಾರ್ಖಾನೆಗಳ ಅಪಘಾತದ ಲೆಕ್ಕಗಳನ್ನು ಒಟ್ಟುಗೂಡಿಸಿದರು. ಬೆಳಗಿನ ಪಾಳಿಗಿಂತ ರಾತ್ರಿಯ ಪಾಳಿಯಲ್ಲಿ ಅಪಾಯವು ನೂರಕ್ಕೆ ಸುಮಾರು ೩೦ ರಷ್ಟು ಹೆಚ್ಚು. ಸಾಲಾಗಿ ರಾತ್ರಿಗಳನ್ನು ಮಾಡುತ್ತ ಹೋದಂತೆ ಅದು ಏರುತ್ತ ಹೋಗಿ ನಾಲ್ಕನೆಯ ರಾತ್ರಿಗೆ ಮೊದಲ ರಾತ್ರಿಗಿಂತ ಮೂರನೆಯ ಒಂದು ಪಾಲಿಗೂ ಮೇಲಾಗುವುದು. ಎಂಟು ಗಂಟೆಯ ಪಾಳಿಗಿಂತ ಹನ್ನೆರಡು ಗಂಟೆಯದರಲ್ಲಿ ಕಾಲು ಪಾಲಿಗೂ ಹೆಚ್ಚು. ಹೆಚ್ಚಿನ ಗಂಟೆಗಳಿಗೆ ಬರುವ ಹಣವನ್ನು ಎಣಿಸುವವರು ಈ ಅಂಕಿಗಳನ್ನೂ ಪಕ್ಕದಲ್ಲಿಟ್ಟು ಎಣಿಸತಕ್ಕುದು.

ಇನ್ನು, ರಾತ್ರಿಯ ಅಪಾಯವೆಂದರೆ ತೂಕಡಿಕೆಯೊಂದೇ ಎಂದು ತಿಳಿದರೆ ಅರ್ಧವನ್ನು ಮಾತ್ರ ತಿಳಿದಂತಾಯಿತು. ಹಗಲಿನವರು ಬಿಟ್ಟುಹೋದ ಕೆಲಸವನ್ನು ರಾತ್ರಿಯವರು ಎತ್ತಿಕೊಳ್ಳುವ ಗಳಿಗೆ ಇದೆಯಲ್ಲ, ಅದು ನಿದ್ದೆಗಿಂತಲೂ ಮೋಸಗಾರ. ಇದಕ್ಕೆ ಪೈಪರ್ ಆಲ್ಫದ ಕಥೆಗಿಂತ ಸ್ಪಷ್ಟವಾದ ಉದಾಹರಣೆಯನ್ನು ನಾವು ಕಾಣೆವು; ಆದುದರಿಂದ ಅದನ್ನು ಪೂರ್ತಿಯಾಗಿ ಹೇಳುವೆವು.

ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದಿಂದ ಈಶಾನ್ಯಕ್ಕೆ ಸುಮಾರು ೧೯೦ ಕಿಲೋಮೀಟರು ದೂರದಲ್ಲಿ, ಉತ್ತರ ಸಮುದ್ರದ ನಡುವೆ, ಕಬ್ಬಿಣದ ಕಂಬಗಳ ಮೇಲೆ ನಿಂತ ಎಣ್ಣೆ ಮತ್ತು ಅನಿಲದ ಕಟ್ಟೆಯೊಂದಿದ್ದಿತು. ಹೆಸರು ಪೈಪರ್ ಆಲ್ಫ. ಅಲ್ಲಿಯ ದುಡಿಮೆ ಹನ್ನೆರಡು ಗಂಟೆಯ ಎರಡು ಪಾಳಿ. ಊಟ, ನಿದ್ದೆ, ಕೆಲಸ ಎಲ್ಲವೂ ಆ ಕಟ್ಟೆಯ ಮೇಲೆಯೇ. ೧೯೮೮ ರ ಜುಲೈ ೬ ರಂದು ಹಗಲಿನವರು ಎರಡು ದೊಡ್ಡ ಪಂಪುಗಳಲ್ಲಿ ಒಂದನ್ನು ನಿಲ್ಲಿಸಿ, ಅದರ ಕೊಳಾಯಿಯಲ್ಲಿದ್ದ ರಕ್ಷಣೆಯ ವಾಲ್ವನ್ನು ಪರೀಕ್ಷೆಗಾಗಿ ಬಿಚ್ಚಿದರು. ಸಂಜೆ ಆರರೊಳಗೆ ಅದನ್ನು ತಿರುಗಿ ಕೂರಿಸಲಾಗಲಿಲ್ಲ. ತೆರೆದ ಬಾಯಿಗೆ ಲೋಹದ ಬಿಲ್ಲೆಯೊಂದನ್ನು ಮುಚ್ಚಿದರು. ಅದು ಅನಿಲದ ಒತ್ತಡವನ್ನು ತಡೆಯುವಷ್ಟು ಬಿಗಿಯಾಗಿರಲಿಲ್ಲ. ವಾಲ್ವು ಇಲ್ಲವೆಂಬ ಸಂಗತಿಯು ಒಂದು ಅಪ್ಪಣೆ ಚೀಟಿಯಲ್ಲಿದ್ದಿತು. ಬಾಯಿಮಾತಿನಲ್ಲಿ ರಾತ್ರಿಯವರಿಗೆ ಯಾರೂ ಹೇಳಲಿಲ್ಲ. ಚೀಟಿಯೂ ರಾತ್ರಿಯವರ ಕಣ್ಣಿಗೆ ಬೀಳುವ ಕಡೆಯಲ್ಲಿರಲಿಲ್ಲ.

ರಾತ್ರಿ ಸುಮಾರು ಒಂಬತ್ತೂ ಮುಕ್ಕಾಲಿಗೆ ಎರಡನೆಯ ಪಂಪು ನಿಂತಿತು. ಏನು ಮಾಡಿದರೂ ನಡೆಯಲಿಲ್ಲ. ಪಂಪುಗಳೆರಡೂ ನಿಂತರೆ ಕಟ್ಟೆಯ ವಿದ್ಯುಚ್ಛಕ್ತಿಯೇ ನಿಲ್ಲುವ ಭಯ. ರಾತ್ರಿಯವರು ಚೀಟಿಗಳನ್ನು ಹುಡುಕಿದರು. ಮೊದಲನೆಯ ಪಂಪಿಗೆ ಇನ್ನೂ ಆರಂಭವಾಗದ ಬೇರೊಂದು ರಿಪೇರಿಯ ಚೀಟಿ ಮಾತ್ರ ಸಿಕ್ಕಿತು. ಹಾಗಾದರೆ ಈ ಪಂಪು ಸರಿಯಾಗಿದೆಯೆಂದು ತಿಳಿದು ಅದನ್ನು ನಡೆಸಹೋದರು. ವಾಲ್ವು ಇರಬೇಕಾದ ಜಾಗವು ತಲೆಯ ಮೇಲೆ, ಯಂತ್ರಗಳ ಮರೆಯಲ್ಲಿ ಇದ್ದಿತು. ಬಿಲ್ಲೆಯ ಸಂದಿನಿಂದ ಅನಿಲವು ನುಗ್ಗಿತು. ಹತ್ತು ಗಂಟೆಗೆ ಮೊದಲನೆಯ ಸ್ಫೋಟ. ಕಟ್ಟೆಯ ಮೇಲಿದ್ದ ೨೨೬ ಜನರಲ್ಲಿ ಉಳಿದವರು ೬೧ ಮಂದಿ. ರಕ್ಷಣೆಗೆ ಬಂದ ದೋಣಿಯವರಲ್ಲಿಬ್ಬರೂ ಸೇರಿ ಸತ್ತವರು ೧೬೭. ಬಹುಮಂದಿ ವಾಸದ ಕೊಠಡಿಗಳಲ್ಲಿ, ಮುಂದೇನು ಮಾಡಬೇಕೆಂಬ ಅಪ್ಪಣೆಗೆ ಕಾಯುತ್ತ ಹೊಗೆಯಿಂದ ಸತ್ತರು. ಲಾರ್ಡ್ ಕಲನ್ ಎಂಬ ನ್ಯಾಯಾಧೀಶರು ವಿಚಾರಣೆ ನಡೆಸಿ ೧೯೯೦ ರಲ್ಲಿ ೧೦೬ ಸಲಹೆಗಳ ವರದಿಯನ್ನು ಕೊಟ್ಟರು. ಆ ರಾತ್ರಿಯವರು ಮಲಗಿದ್ದರೆಂದು ಯಾರೂ ಹೇಳಲಿಲ್ಲ. ಅವರು ಎಚ್ಚರವಾಗಿಯೇ ಇದ್ದರು. ತಿಳಿಯಬೇಕಾದುದು ಅವರಿಗೆ ತಿಳಿಯಲಿಲ್ಲ.

ಚರ್ನೋಬಿಲ್ಲಿನಲ್ಲಿಯೂ ಇದರ ನೆರಳೇ. ಅಲ್ಲಿಯ ಪರೀಕ್ಷೆಯು ೧೯೮೬ ರ ಏಪ್ರಿಲ್ ೨೫ ರ ಹಗಲಿನಲ್ಲಿ ನಡೆಯಬೇಕಾಗಿದ್ದಿತು. ವಿದ್ಯುತ್ತು ಬೇಕಾಗಿದೆ, ನಿಲ್ಲಿಸಬೇಡಿರೆಂದು ಕೀವ್ ನಗರದಿಂದ ಸೂಚನೆ ಬಂದುದರಿಂದ ಅದು ರಾತ್ರಿಗೆ ಜಾರಿತು. ನಡುರಾತ್ರಿಗೆ ಬಂದ ಪಾಳಿಯವರಿಗೆ ಆ ಪರೀಕ್ಷೆಗೆ ತಕ್ಕ ಸಿದ್ಧತೆಯಿರಲಿಲ್ಲ. ಯಂತ್ರದ ರಚನೆಯಲ್ಲಿಯೇ ದೋಷವಿದ್ದುದು ನಿಜ. ಆದರೂ ಒಂದು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ ಅದನ್ನು ಎದುರಿಸಬೇಕಾದವರು ಹಗಲಿನ ಕೆಲಸವನ್ನು ಕೈಗೆ ಹಚ್ಚಿಸಿಕೊಂಡ ರಾತ್ರಿಯವರು. ನಮ್ಮ ಭೋಪಾಲದ ಮಾತನ್ನು ಹೇಳಹೋದರೆ ಲೇಖನಿ ನಡುಗುವುದು. ೧೯೮೪ ರ ಡಿಸೆಂಬರ್ ೨ ರ ರಾತ್ರಿ ಕಣ್ಣುರಿಯನ್ನು ಕಂಡ ಕೆಲಸಗಾರರು ಸೋರಿಕೆಯಿದೆಯೆಂದು ತಿಳಿಸಿದಾಗ, ಚಹದ ಬಿಡುವಾದ ಮೇಲೆ ನೋಡೋಣವೆಂದಾಯಿತು. ಖರ್ಚು ಕಡಮೆ ಮಾಡಲೆಂದು ರಾತ್ರಿ ಪಾಳಿಯಲ್ಲಿ ದುರಸ್ತಿಯ ಮೇಲ್ವಿಚಾರಕನ ಹುದ್ದೆಯನ್ನೇ ತೆಗೆದುಹಾಕಿದ್ದರು. ಬಿಡುವು ಮುಗಿಯುವುದರೊಳಗೆ ತೊಟ್ಟಿಯೊಳಗಿನ ಒತ್ತಡವು ಮಿತಿಮೀರಿದ್ದಿತು. ಗೋಡೆಯಾಚೆಯ ಬಸ್ತಿಗಳಲ್ಲಿ ತಾಯಂದಿರು ಮಕ್ಕಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದರು.

ಹಗಲಿನಲ್ಲಿ ನಡೆದ ಅನಾಹುತವಾದರೂ ಒಂದನ್ನು ಇಲ್ಲಿ ಸೇರಿಸಬೇಕು. ಅಮೆರಿಕದ ಟೆಕ್ಸಾಸ್ ಸಿಟಿಯ ಎಣ್ಣೆಶುದ್ಧಿ ಕಾರ್ಖಾನೆಯಲ್ಲಿ ೨೦೦೫ ರ ಮಾರ್ಚಿ ೨೩ ರಂದು ೧೫ ಜನ ಸತ್ತರು. ಸರ್ಕಾರದ ತನಿಖೆಯವರು ಲೆಕ್ಕ ತೆಗೆದಾಗ, ಯಂತ್ರಫಲಕದ ಮುಂದೆ ಕುಳಿತಿದ್ದವನು ಅದಕ್ಕೆ ಹಿಂದೆ ಒಂದು ದಿನವೂ ಬಿಡುವಿಲ್ಲದೆ ೨೯ ದಿನ, ದಿನಕ್ಕೆ ಹನ್ನೆರಡು ಗಂಟೆಯಂತೆ ದುಡಿದಿದ್ದನು. ಎತ್ತಿಗಾದರೂ ಅಮಾವಾಸ್ಯೆಯ ಬಿಡುವನ್ನು ನಮ್ಮ ರೈತರು ಕೊಡುವರು.

ಹಾಗಾದರೆ ಮಾಡತಕ್ಕದ್ದೇನು? ಭಾರವು ಮೊದಲು ಕಾರ್ಖಾನೆಯ ಮೇಲೆಯೇ. ಮನೆಯವರು ಎಷ್ಟು ಚೆನ್ನಾಗಿ ಮಲಗಿಸಿ ಕಳುಹಿಸಿದರೂ ಯಜಮಾನಿಕೆಯವರ ಲೋಭವನ್ನು ತೊಳೆಯಲಾಗದು. ಪಾಳಿ ಬದಲಾಗುವಾಗ ಹೋಗುವವನೂ ಬರುವವನೂ ಎದುರುಬದುರು ನಿಂತು, ಬರೆದ ಪುಸ್ತಕವನ್ನು ನಡುವೆ ಇಟ್ಟುಕೊಂಡು, ಸಾಧ್ಯವಾದರೆ ಯಂತ್ರದ ಬಳಿಗೇ ನಡೆದುಹೋಗಿ ಮಾತನಾಡಬೇಕು. ಆ ಹತ್ತು ಹದಿನೈದು ನಿಮಿಷಕ್ಕೂ ಕೂಲಿ ಸಲ್ಲಬೇಕು. ಕೂಲಿಯಿಲ್ಲದ ನಿಮಿಷಗಳಲ್ಲಿ ಯಾರೂ ನಿಲ್ಲುವುದಿಲ್ಲ, ನಿಲ್ಲದಿದ್ದರೆ ದೂರುವುದೂ ನ್ಯಾಯವಲ್ಲ. ಎತ್ತರ ಹತ್ತುವುದು, ತೊಟ್ಟಿಯೊಳಗೆ ಇಳಿಯುವುದು, ಕೊಳಾಯಿ ಬಿಚ್ಚುವುದು ಮೊದಲಾದ ಅಪಾಯದ ಕೆಲಸಗಳನ್ನು ತೀರಾ ಅನಿವಾರ್ಯವಲ್ಲದೆ ಬೆಳಗಿನ ಜಾವಕ್ಕೆ ಇಡಬಾರದು. ಒಂಟಿಯಾಗಿ ಯಾರನ್ನೂ ಮರೆಯಲ್ಲಿ ಬಿಡಬಾರದು. ಬಿದ್ದವನ ಕೂಗು ಹಗಲಿನಲ್ಲಿ ಹತ್ತು ಜನಕ್ಕೆ ಕೇಳುವುದು, ರಾತ್ರಿಯಲ್ಲಿ ಯಂತ್ರಕ್ಕೆ ಮಾತ್ರ. ಔಷಧದ ಪೆಟ್ಟಿಗೆಯ ಬೀಗದ ಕೈ ಹಗಲಿನ ಗುಮಾಸ್ತನ ಜೇಬಿನಲ್ಲಿ ಮನೆಗೆ ಹೋಗುವ ಪದ್ಧತಿಯು ಇನ್ನೂ ಕೆಲವು ಕಡೆ ಇರುವುದೆಂದು ಕೇಳಿದ್ದೇವೆ. ವಾಹನ, ಚಾಲಕ, ಚಿಕಿತ್ಸೆ ಬಲ್ಲವನೊಬ್ಬ, ನಿರ್ಧಾರ ಮಾಡುವ ಅಧಿಕಾರವುಳ್ಳ ಮೇಲ್ವಿಚಾರಕನೊಬ್ಬ ಇವರೆಲ್ಲ ಹಗಲಿನಷ್ಟೇ ರಾತ್ರಿಯೂ ಇರಬೇಕು. ಜಾವದ ಮೂರು ಗಂಟೆಗೆ ಮುಂಚೆ ಇಪ್ಪತ್ತು ನಿಮಿಷದ ಸರದಿ ನಿದ್ದೆಗೆ ಒಪ್ಪಿಗೆ ಕೊಟ್ಟರೆ ಒಳ್ಳೆಯದು; ಎದ್ದೊಡನೆ ಯಂತ್ರಕ್ಕೆ ಕೈಹಾಕದೆ ಮುಖ ತೊಳೆದು ನಾಲ್ಕು ಹೆಜ್ಜೆ ಅಡ್ಡಾಡಬೇಕು. ಕದ್ದು ಮಲಗುವುದಕ್ಕಿಂತ ಹೇಳಿ ಮಲಗುವುದು ಮೇಲು.

ಕಾನೂನಿನ ಮಾತು. ೧೯೪೮ ರ ಕಾರ್ಖಾನೆ ಕಾಯಿದೆಯು ವಾರಕ್ಕೆ ೪೮ ಗಂಟೆ, ದಿನಕ್ಕೆ ೯ ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ಬಿಡುವು, ಮಿಕ್ಕ ಗಂಟೆಗಳಿಗೆ ಎರಡರಷ್ಟು ಕೂಲಿ ಎಂದು ವಿಧಿಸಿದ್ದಿತು. ರಾತ್ರಿ ಪಾಳಿಯವನ ವಾರದ ರಜೆಯನ್ನು ಅವನ ಪಾಳಿ ಮುಗಿದಂದಿನಿಂದ ೨೪ ಗಂಟೆಯೆಂದು ಎಣಿಸುತ್ತಿದ್ದರು. ಅರ್ಥಾತ್ ಅರ್ಧ ರಜೆಯು ಹಾಸಿಗೆಯಲ್ಲಿಯೇ ಹೋಗುತ್ತಿದ್ದಿತು. ೨೦೨೫ ರ ನವೆಂಬರ್ ೨೧ ರಿಂದ ಆ ಕಾಯಿದೆಯ ಸ್ಥಾನಕ್ಕೆ ೨೦೨೦ ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಬಂದಿದೆ. ಅದರಲ್ಲಿ ದಿನದ ದುಡಿಮೆಗೆ ೮ ಗಂಟೆಯನ್ನು ಹೇಳಿದೆ. ಹೆಚ್ಚಿನ ಗಂಟೆಗಳಿಗೆ ಎರಡರಷ್ಟು ಕೂಲಿಯೂ ಕೆಲಸಗಾರನ ಸಮ್ಮತಿಯೂ ಬೇಕು. ಸೋದರಿಯ ಎರಡನೆಯ ಪ್ರಶ್ನೆಗೆ ಇದು ಉತ್ತರ: ಬೇಡವೆನ್ನುವ ಹಕ್ಕು ಇದೆ. ಗುತ್ತಿಗೆಯ ಆಳು ಅದನ್ನು ಬಾಯಿಬಿಟ್ಟು ಹೇಳಬಲ್ಲನೇ ಎಂಬುದು ಬೇರೆ ಮಾತು. ಒಬ್ಬನೇ ಹೇಳುವುದಕ್ಕಿಂತ ಪಾಳಿಯವರೆಲ್ಲ ಕೂಡಿ ಹೇಳುವುದು ಸುಲಭ. ತಿಂಗಳಿಗೆ ಒಂದೆರಡು ಸಲವಾದರೆ ನಾವು ಅಡ್ಡಿ ಹೇಳೆವು. ಹನ್ನೆರಡರ ಮೇಲೆ ಮತ್ತೆ ನಾಲ್ಕನ್ನು ವಾರವಾರವೂ ಹೇರುವುದಾದರೆ, ಆ ಹಣವನ್ನು ಬಿಡುವುದೇ ಲಾಭ.

ಇನ್ನು ಮನೆಯವರ ಪಾಲು. ಹಗಲು ನಿದ್ದೆಯನ್ನು ಹಿರಿಯರು ನಿಂದಿಸುವುದು ಶಾಸ್ತ್ರದ ಬಲದಿಂದಷ್ಟೆ. ಅದೇ ಶಾಸ್ತ್ರದಲ್ಲಿ, ವಾಗ್ಭಟನ ಅಷ್ಟಾಂಗಹೃದಯದಲ್ಲಿ, ರಾತ್ರಿ ಎಚ್ಚರವಿದ್ದವನು ಆ ಹೊತ್ತಿನ ಅರ್ಧದಷ್ಟನ್ನು ಬೆಳಗ್ಗೆ ಉಣ್ಣುವ ಮೊದಲು ಮಲಗಬೇಕೆಂದು ಹೇಳಿದೆ. ಅತ್ತೆಯವರಿಗೆ ಇದನ್ನು ವಿನಯದಿಂದ ಓದಿ ಹೇಳಬಹುದು. ಈ ಕಾಲದ ವೈದ್ಯರು ಅರ್ಧಕ್ಕೆ ನಿಲ್ಲಿಸದೆ ಏಳು ಗಂಟೆಯಾದರೂ ಬೇಕೆನ್ನುವರು. ಒಂದೇ ಸಲ ಆಗದಿದ್ದರೆ ಬೆಳಗ್ಗೆ ಐದು, ಹೊರಡುವ ಮೊದಲು ಎರಡು. ಮೈದುನನಿಗೂ ಒಂದು ಮಾತು: ಕುಂಭಕರ್ಣನಿಗೆ ಆರು ತಿಂಗಳ ನಿದ್ದೆಯಾದರೂ ಇದ್ದಿತು.

ಮಲಗುವ ಕೊಠಡಿಯು ಬೀದಿಯ ಕಡೆಗೆ ಬೇಡ. ಹಿತ್ತಿಲ ಕಡೆಯದಾದರೆ ಮೇಲು. ಕಿಟಕಿಗೆ ಹಳೆಯ ಜಮಖಾನವನ್ನೋ ದಪ್ಪ ಕಂಬಳಿಯನ್ನೋ ಎರಡು ಮೊಳೆಗೆ ತೂಗಿಸಿದರೆ ಮಧ್ಯಾಹ್ನವೂ ಕತ್ತಲಾಗುವುದು. ಪರದೆಗೆ ಹಣ ಸುರಿಯಬೇಕಾಗಿಲ್ಲ. ಹೊರಬಾಗಿಲಿನ ಗಂಟೆಯನ್ನು ನಿಲ್ಲಿಸಿ ಚೀಟಿಯೊಂದನ್ನು ಅಂಟಿಸಬೇಕು. ಕುಕ್ಕರಿನ ಸೀಟಿಯನ್ನು ಅವರು ಬರುವ ಮೊದಲೇ ಮುಗಿಸಿಕೊಳ್ಳಬೇಕು. ಫೋನನ್ನು ಮನೆಯವರೇ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಬ್ಯಾಂಕಿಗೆ ಹೋಗಿ ಬನ್ನಿ, ರೇಷನ್ ತನ್ನಿ ಎಂಬ ಕೆಲಸಗಳಿಗೆ ‘ಹೇಗಿದ್ದರೂ ಮನೆಯಲ್ಲೇ ಇದ್ದಾರಲ್ಲ’ ಎಂದು ಎಬ್ಬಿಸುವುದು ಎಲ್ಲ ಮನೆಗಳ ದೊಡ್ಡ ದೋಷ. ಪಾಳಿ ಬದಲಾಗುವ ಮೊದಲನೆಯ ದಿನದ ಮಧ್ಯಾಹ್ನದ ನಿದ್ದೆಯನ್ನು ಎಷ್ಟುಮಾತ್ರಕ್ಕೂ ತಪ್ಪಿಸಬಾರದು. ಮೇಲೆ ಹೇಳಿದ ಇಪ್ಪತ್ತೈದು ಗಂಟೆಯ ಲೆಕ್ಕವನ್ನು ಮುರಿಯುವುದು ಅದೊಂದೇ. ಬೆಳಗ್ಗೆ ಹಿಂತಿರುಗುವಾಗ ಕಾರ್ಖಾನೆಯ ಬಸ್ಸಿದ್ದರೆ ಬಸ್ಸೇ ಸರಿ. ಬಸ್ಸಿನಲ್ಲಿ ಕಪ್ಪು ಕನ್ನಡಕವನ್ನು ಹಾಕಿಕೊಂಡರೆ ಒಳಗಿನ ಗಡಿಯಾರಕ್ಕೆ ಬೆಳಗಿನ ಬಿಸಿಲು ಅಷ್ಟಾಗಿ ತಾಗದು. ದ್ವಿಚಕ್ರವೇ ಗತಿಯಾದರೆ, ಹೊರಡುವ ಮೊದಲು ಅಲ್ಲಿಯೇ ಕಾಲು ಗಂಟೆ ಕಣ್ಣುಮುಚ್ಚಿ ಬರಲಿ. ತಡವಾಯಿತೆಂದು ಮನೆಯವರು ಫೋನು ಮಾಡಿ ಅವಸರಪಡಿಸಬಾರದು.

ಕಾಫಿಯ ವಿಷಯದಲ್ಲಿ ನಮ್ಮವರು ಕಿವಿಗೊಡುವರೆಂಬ ಆಸೆ ನಮಗಿಲ್ಲ, ಆದರೂ ಹೇಳುವೆವು. ಕುಡಿದ ಕಾಫಿಯ ಸತ್ತ್ವದಲ್ಲಿ ಅರ್ಧವು ಇಳಿಯುವುದಕ್ಕೆ ಸುಮಾರು ಐದು ಗಂಟೆ ಬೇಕು. ಬೆಳಗ್ಗೆ ಒಂಬತ್ತಕ್ಕೆ ಮಲಗುವವನು ರಾತ್ರಿ ಎರಡು ಮೂರರ ಮೇಲೆ ಕುಡಿಯದಿರುವುದು ಲೇಸು. ಪಾಳಿಯ ಮೊದಲ ಭಾಗದಲ್ಲಿ ಧಾರಾಳವಾಗಿ ಕುಡಿಯಲಿ. ನಿದ್ದೆಗೆಂದು ಮದ್ಯವನ್ನು ಹಿಡಿಯುವ ಚಾಳಿಯು ಕೆಲವು ಬಡಾವಣೆಗಳಲ್ಲಿ ಉಂಟು; ಅದು ಕಣ್ಣು ಮುಚ್ಚಿಸುವುದೇ ಹೊರತು ನಿದ್ದೆಯನ್ನು ಕೊಡದು. ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಬುತ್ತಿಯನ್ನು ಕಟ್ಟುವಾಗ ಹೊರಡುವ ಮೊದಲು ಹೊಟ್ಟೆತುಂಬ ಬಡಿಸಿ, ನಡುರಾತ್ರಿಗೆ ಹಗುರವಾದುದನ್ನು ಇಡುವುದು ಕ್ರಮ. ಎರಡು ಗಂಟೆಗೆ ಚಿತ್ರಾನ್ನದ ಡಬ್ಬಿ ಬರಿದು ಮಾಡಿದವನನ್ನು ಮೂರಕ್ಕೆ ಎಬ್ಬಿಸುವುದು ಕಷ್ಟ. ಸಕ್ಕರೆ ಕಾಯಿಲೆಯವರು ರಾತ್ರಿ ಪಾಳಿಗೆ ಬಿದ್ದರೆ ಔಷಧದ ಹೊತ್ತನ್ನು ವೈದ್ಯರಲ್ಲಿ ಕೇಳಿ ಬದಲಿಸಿಕೊಳ್ಳಬೇಕು.

ಇಷ್ಟೆಲ್ಲವನ್ನೂ ಗಂಡಸರು ದುಡಿಯುವರು, ಹೆಂಗಸರು ಮನೆಯಲ್ಲಿರುವರು ಎಂಬ ಭಾವದಿಂದ ಬರೆದಂತಾಯಿತು. ೧೯೪೮ ರ ಕಾಯಿದೆಯು ಹೆಂಗಸರನ್ನು ಸಂಜೆ ಏಳರಿಂದ ಬೆಳಗ್ಗೆ ಆರರವರೆಗೆ ಕಾರ್ಖಾನೆಯಿಂದ ಹೊರಗಿಟ್ಟಿದ್ದಿತು. ಹೊಸ ಸಂಹಿತೆಯು ಅವರ ಸಮ್ಮತಿಯ ಮೇಲೆ, ರಕ್ಷಣೆಯ ಷರತ್ತುಗಳೊಡನೆ, ಬಾಗಿಲು ತೆರೆದಿದೆ. ಇದು ಒಳ್ಳೆಯದೇ. ಆದರೆ ರಾತ್ರಿ ದುಡಿದು ಬಂದ ಗಂಡನಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿಕೊಡುವ ಮನೆಗಳಲ್ಲಿ, ರಾತ್ರಿ ದುಡಿದು ಬಂದ ಹೆಂಡತಿಯು ನೇರವಾಗಿ ಅಡಿಗೆಮನೆಗೆ ಹೋಗಿ ಮಕ್ಕಳ ಡಬ್ಬಿ ಕಟ್ಟುವುದನ್ನು ನಾವು ಕಂಡಿದ್ದೇವೆ. ಅವಳ ನಿದ್ದೆಗೂ ಏಳೇ ಗಂಟೆ ಬೇಕು, ಅವಳ ಕೈಗೂ ಯಂತ್ರದ ಹಲ್ಲು ಅಷ್ಟೇ ಹರಿತ. ರಾತ್ರಿ ಪಾಳಿಯಲ್ಲಿ ದುಡಿಯುವ ಸೋದರಿಯರು ತಮ್ಮ ಮನೆಗಳಲ್ಲಿ ಬೆಳಗಿನ ಅಡಿಗೆಗೂ ಹಗಲಿನ ನಿದ್ದೆಗೂ ಏನು ಏರ್ಪಾಡು ಮಾಡಿಕೊಂಡಿರುವರೆಂಬುದನ್ನು ನಮಗೆ ಬರೆದು ತಿಳಿಸಿದರೆ, ಮುಂದಿನ ಸಂಚಿಕೆಗಳಲ್ಲಿ ಹೆಸರಿಲ್ಲದೆ ಪ್ರಕಟಿಸುವೆವು.